ಹಿಂದಿನ ಸೀಟಿನ ಪರೀಕ್ಷಕರು

ಷೋರೂಮಿನ ಗಾಜಿನ ಬಾಗಿಲಲ್ಲಿ ಈ ಬ್ಯಾಂಕ್ ಗುಮಾಸ್ತರು ಕಾಣಿಸಿಕೊಂಡರೆ ಸಾಕು, ಮಾರಾಟದವರಿಗೆಲ್ಲ ಒಮ್ಮೆಗೇ ಚಹಾದ ನೆನಪಾಗುತ್ತದೆ. ಸಿಕ್ಕಿಬಿದ್ದವನು ಎಂಜಿನ್ನಿನ ಗುಣಗಾನ ಶುರುಮಾಡಿದರೆ, “ಓಡುತ್ತೆ ಬಿಡ್ರಿ, ಓಡದೇ ಇದ್ರೆ ಅದನ್ನ ಕಾರು ಅಂತ ಯಾಕೆ ಕರೀತಿದ್ರಿ?” ಎಂದು ಬಾಯಿ ಮುಚ್ಚಿಸುತ್ತಾರೆ. ಅವರಿಗೆ ಬೇಕಾದದ್ದು ನಡುದಾರಿಯಲ್ಲಿ ಕೈಕೊಡದ, ಮನೆಮಂದಿಯೆಲ್ಲ ಹಿಡಿಸುವ, ತೀರಾ ದೊಡ್ಡದೂ ಅಲ್ಲದ ಒಂದು ಸೆಡಾನ್. ಬಾಗಿಲು ಬಡಿದು ಸದ್ದಿಗೆ ಕಿವಿಗೊಡುತ್ತಾರೆ, ಡಿಕ್ಕಿಯೊಳಗೆ ತಲೆ ತೂರಿಸಿ ಕೆಮ್ಮಿ ನೋಡುತ್ತಾರೆ, ಸ್ಟೆಪ್ನಿಯನ್ನು ಹೊಸ ಬೀಗರ ಹಾಗೆ ಗಂಭೀರವಾಗಿ ವಿಚಾರಿಸಿಕೊಳ್ಳುತ್ತಾರೆ. “ಸೆಡಾನ್ ಎಲ್ಲಾದ್ರೂ ಸಿಕ್ಕೀತು, ಇವರ ಸೆಡವಿಗೆ ಗ್ಯಾರೇಜು ಎಲ್ಲಿ ಹುಡುಕೋದು?” ಎಂದು ಹೆಂಡತಿ ಪಕ್ಕದಲ್ಲೇ ನಿಂತು ನಗುತ್ತಾಳೆ. ಚಾಲಕನ ಸೀಟನ್ನು ಮಾತ್ರ ಅವರು ತಿರುಗಿಯೂ ನೋಡುವುದಿಲ್ಲ. ಹಿಂದಿನ ಬಾಗಿಲು ತೆಗೆದು, ಕಾಲು ಹೊರಗೇ ಬಿಟ್ಟು ಅಡ್ಡ ಕುಳಿತು, ಎರಡೂ ಕೈಯಿಂದ ಬಲಗಾಲನ್ನು ಎತ್ತಿ ಒಳಗಿಡುತ್ತಾರೆ, ಆಮೇಲೆ ಎಡಗಾಲನ್ನು. ಇಳಿಯುವಾಗಲೂ ಅದೇ ಕಸರತ್ತು. ಮೊನ್ನೆ ಒಬ್ಬ ಮಾರಾಟಗಾರ, “ಮಂಡಿ ನೋವಾ ಸಾರ್?” ಎಂದು ಕೈ ಹಿಡಿಯಲು ಬಂದ. “ಮುಟ್ಟಬೇಡ್ರಿ! ನೋವು ನಂಗಲ್ಲ, ನಮ್ಮಮ್ಮಂಗೆ. ಕಾರೊಳಗೆ ಯಾರಾದ್ರೂ ಎತ್ತಿ ಕೂರಿಸಬೇಕಲ್ಲ ಅಂತ ನಾಚ್ಕೊಂಡು ಮಗಳ ಮನೆಗೆ ಹೋಗೋದನ್ನೇ ಬಿಟ್ಟಿದ್ದಾಳೆ,” ಎಂದವರೇ ಕಾಲುಗಳನ್ನು ಒಂದೊಂದಾಗಿ ನೆಲಕ್ಕಿಳಿಸಿ, ಸೀಟಿಗೆ ಅಂಗೈ ಊರಿ, ಯಾರ ಆಸರೆಯೂ ಇಲ್ಲದೆ ಎದ್ದು ನಿಂತರು. ಮತ್ತೊಮ್ಮೆ ಕುಳಿತು, ಮತ್ತೊಮ್ಮೆ ಎದ್ದರು. ಹೆಂಡತಿಯ ಮುಖ ನೋಡಿ, “ಇದೇ ಆಗ್ಲಿ ಕಣೇ,” ಎಂದರು. ಯಾವ ಬಣ್ಣದ್ದು ಬೇಕೆಂದು ಮಾರಾಟಗಾರ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇಷ್ಟೇ: “ಅದನ್ನ ನಾಳೆ ಅಮ್ಮನೇ ಬಂದು ಹೇಳ್ತಾಳೆ.”