ಫೋಟೋ ಇಲ್ಲದ ಮೀನು

ನಮ್ಮ ಭಾವ ಮೊಟ್ಟೆಯನ್ನೂ ತಿಂದವರಲ್ಲ. ಆದರೆ ಅವರಿಗಿದ್ದ ಒಂದೇ ಚಟ ಮೀನು ಹಿಡಿಯುವುದು. ಅಮೆರಿಕದಲ್ಲಿ ಅವರ ಊರಾದ ರಾಲಿಯ ಆಸುಪಾಸಿನ ಕೆರೆಗಳಲ್ಲಿ ಸಿಹಿನೀರಿನ ಬಾಸ್ ಮೀನಿಗೆ ಗಾಳ ಹಾಕಿ ಕೂರುತ್ತಿದ್ದರು. ಗಾಳಕ್ಕೆ ಪ್ಲಾಸ್ಟಿಕ್ ಹುಳುವೇ ಆಗಬೇಕು. ಜೀವ ಇರುವುದನ್ನು ಚುಚ್ಚುತ್ತಿರಲಿಲ್ಲ. ಸಿಕ್ಕ ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳುತ್ತಿದ್ದರು. ಒಣಗೈ ತಾಗಿದರೆ ಅದರ ಮೈಮೇಲಿನ ಲೋಳೆ ಹೋಗುತ್ತದೆಯಂತೆ. ಆಮೇಲೆ ಅದನ್ನು ನೀರಿಗೇ ಬಿಡುತ್ತಿದ್ದರು.

"ಮೀನಿಗೂ ಮಡಿ ಮಾಡ್ಸೋರು ಇವರೊಬ್ರೇ," ಎಂದು ಅಕ್ಕ ಛೇಡಿಸುತ್ತಿದ್ದಳು.

ಅವಳದು ಒಂದೇ ಕಟ್ಟಪ್ಪಣೆ: ಮೀನಿನ ಫೋಟೋ ತೆಗೆಯಕೂಡದು. ಭಾವ ಫೋನಿನಲ್ಲಿದ್ದುದನ್ನೆಲ್ಲ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿಬಿಡುವ ಮನುಷ್ಯ. ಮೈಸೂರಿನಲ್ಲಿದ್ದ ಅವರ ತಾಯಿ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಅದನ್ನೇ ನೋಡುತ್ತಿದ್ದರು.

ಕೋವಿಡ್ ಸಡಿಲವಾದ ಮೇಲೆ ಭಾವನಿಗೆ ಪೋರ್ಟೊ ರಿಕೊ ದ್ವೀಪದ ಹುಚ್ಚು ಹಿಡಿಯಿತು. ಅಲ್ಲಿ ಗುಡ್ಡಗಳ ನಡುವಿನ ಜಲಾಶಯದಲ್ಲಿ ಬಾಲದ ಮೇಲೆ ನವಿಲುಗಣ್ಣಿನಂಥ ಮಚ್ಚೆ ಇರುವ ಬಾಸ್ ಸಿಗುತ್ತದೆ. ಅವರ ಹೃದಯಕ್ಕೆ ಸ್ಟೆಂಟ್ ಹಾಕಿ ಹೆಚ್ಚು ಕಾಲವಾಗಿರಲಿಲ್ಲ. ಅಕ್ಕ ಬೇಡವೆಂದಳು, ಅತ್ತಳು, ಕೊನೆಗೆ ಮಾತು ಬಿಟ್ಟಳು. ಭಾವ ಹೊರಟೇಬಿಟ್ಟರು. ಜೊತೆಗಿರಲೆಂದು ನಾನೂ ನನ್ನ ಊರು ರಾಕ್‌ವಿಲ್‌ನಿಂದ ಹೋದೆ.

ಒಂದು ದಿನ ದೋಣಿಯಲ್ಲಿ ಕಳೆದೆವು. ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಭಾವ ಏಳಲಿಲ್ಲ.

ಅಕ್ಕನಿಗೆ ಫೋನು ಮಾಡಿ ಹೇಳಬೇಕಾದ್ದನ್ನು ಹೇಳಿದ ಮೇಲೆ ಅವಳ ಮೌನ ತಡೆಯಲಾಗಲಿಲ್ಲ. "ನಿನ್ನೆ ದೊಡ್ಡ ಮೀನು ಸಿಕ್ತು ಅಕ್ಕ. ಮಗು ಥರ ನಕ್ಕರು," ಎಂದೆ. ಸುಳ್ಳೆಂದು ಹೇಳಿದ್ದಲ್ಲ. ಆ ನಗು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಮಾತಾಡಿಸಲು ಬಂದವರಿಗೆಲ್ಲ ಅಕ್ಕ ಅದನ್ನೇ ಹೇಳಿದಳು. ಅಟ್ಲಾಂಟಾದಿಂದ ಬಂದ ಆಂಟಿಯೊಬ್ಬರು, "ನಗ್ತಾ ಹೋದ್ರಲ್ಲಮ್ಮ, ಪುಣ್ಯವಂತರು," ಎಂದಾಗ ಅವಳು ಹೌದೆಂದು ತಲೆಯಾಡಿಸಿದಳು.

ವರ್ಷದ ಕಾರ್ಯಕ್ಕೆ ರಾಲಿಗೆ ಡ್ರೈವ್ ಮಾಡಿಕೊಂಡು ಹೋದೆ. ನೆಂಟರೆಲ್ಲ ಹೊರಟ ಮೇಲೆ ಅಕ್ಕ ಭಾವನ ಫೋನು ಹಿಡಿದು ಡೈನಿಂಗ್ ಟೇಬಲ್ಲಿಗೆ ಬಂದಳು.

"ಎಷ್ಟು ಹುಡುಕಿದ್ರೂ ಬರೀ ನೀರು, ಗುಡ್ಡ, ಆಕಾಶ ಕಣೋ. ನಿನ್ ಫೋನಲ್ಲಿ ಅವ್ರು ಮೀನು ಹಿಡ್ಕೊಂಡಿರೋ ಫೋಟೋ ಒಂದಾದ್ರೂ ಇಲ್ವಾ?"

"ನೀನೇ ಬೇಡ ಅಂದಿದ್ಯಲ್ಲ ಅಕ್ಕ."

"ನಾನು ಅಂದ್ರೇನಾಯ್ತು? ಯಾವತ್ತು ಕೇಳಿದೀರಾ ನೀವಿಬ್ರೂ ನನ್ ಮಾತು!" ನಕ್ಕಳು, ಕಣ್ಣು ತುಂಬಿತ್ತು. "ಹೋಗ್ಲಿ. ನಗ್ತಿದ್ರು ಅಂದ್ಯಲ್ಲ, ಆಗ ಯಾವ ಶರ್ಟ್ ಹಾಕಿದ್ರು? ನೀಲೀದಾ?"

ಆ ನಗುವನ್ನು ಮತ್ತೊಮ್ಮೆ ನೆನೆದೆ. ಮೀನು ಎತ್ತಿ ಹಿಡಿದು ಭಾವ ನನ್ನತ್ತ ತಿರುಗಿದ್ದರು. ಅವರ ಮೈಮೇಲೆ ಕಂದು ಸ್ವೆಟರ್ ಇತ್ತು.

ಬೆವರು ಸುರಿಯುವ ದ್ವೀಪದಲ್ಲಿ ಯಾರು ಸ್ವೆಟರ್ ಹಾಕುತ್ತಾರೆ? ಆ ನಗು ಇಲ್ಲಿ ರಾಲಿಯದೇ, ಯಾವುದೋ ಚಳಿಗಾಲದಲ್ಲಿ ಕೆರೆಯ ಬಳಿ ಕಂಡದ್ದು. ಪಕ್ಕಾ ಆಧಾರವಿಲ್ಲದೆ ಏನನ್ನೂ ನಂಬಬಾರದೆಂದು ಯೂನಿವರ್ಸಿಟಿಯಲ್ಲಿ ಕಲಿತವನು ನಾನು. ಇದೊಂದನ್ನು ಮಾತ್ರ ವರ್ಷವಿಡೀ ಕೆದಕಿ ನೋಡಿರಲಿಲ್ಲ.

"ನೆನಪಿಲ್ಲ," ಎಂದೆ.

"ನಗು ನೆನಪಿದೆ, ಶರ್ಟ್ ನೆನಪಿಲ್ವಾ?"

ನೀಲಿ ಎಂದುಬಿಡಬಹುದಿತ್ತು. ಆದರೆ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಚಿಕ್ಕಂದಿನಿಂದ ಈ ಮುಖ ಓದಿದವಳು.

"ನೋಡಿಲ್ಲ ಅಲ್ವಾ ನೀನು?"

ನನಗೆ ಖಚಿತವಾಗಿ ಗೊತ್ತಿದ್ದಷ್ಟನ್ನು ಹೇಳಿದೆ. ಮೀನು ಸಿಕ್ಕಿದ್ದು ನಿಜ. ಭಾವ ದೋಣಿಯ ಮುಂದಿನ ತುದಿಯಲ್ಲಿದ್ದರು, ನಾನು ಹಿಂದೆ. ಗಾಳ ಬಿಡಿಸಿ, ಎರಡೂ ಕೈಯಲ್ಲಿ ಮೀನನ್ನು ನೀರೊಳಗೇ ಹಿಡಿದು, ಅದು ಚೇತರಿಸಿಕೊಂಡು ತಾನಾಗಿ ಈಜಿ ಹೋಗುವವರೆಗೂ ಬಾಗಿಯೇ ಇದ್ದರು. ಅದು ಹೋದ ಮೇಲೂ ಸ್ವಲ್ಪ ಹೊತ್ತು ಕೈ ನೀರಿನಲ್ಲೇ ಇತ್ತು. ನಕ್ಕರೋ, ಎದೆ ನೋಯುತ್ತಿತ್ತೋ, ಗೊತ್ತಿಲ್ಲ. ನನಗೆ ಕಂಡದ್ದು ಬೆನ್ನು ಮಾತ್ರ.

ಅಕ್ಕ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ಬೆನ್ನು ನಾನೂ ನೋಡಿದೀನಿ ಕಣೋ," ಎಂದಳು. "ಅವತ್ತು ಏರ್‌ಪೋರ್ಟಿಗೆ ಹೊರಟು ಕಾರು ಹತ್ತೋವಾಗ. ಕಿಚನ್ ಕಿಟಕಿಯಿಂದ."