ಲೊರೇನಳ ಮೊಲಕ್ಕೆ ಹುಲ್ಲು ರೂಢಿ ಮಾಡಿಸಿದ್ದು

ದಕ್ಷಿಣ ಆಸ್ಟ್ರೇಲಿಯಾದ ಕಡಲತೀರದಲ್ಲಿರುವ ನಮ್ಮ ವಾಲರೂ ಊರಿನ ಶಾಲೆಯ ತಿಂಡಿ ಅಂಗಡಿಯನ್ನು ಗ್ಲೆನಿಸ್ ಟ್ರೆವೆಲ್ಲಾ ಬಹಳ ವರ್ಷ ನಡೆಸಿದಳು. ಅವಳ ಪಕ್ಕದಲ್ಲಿ ನಿಂತು ಸೊಪ್ಪು ತೊಳೆದು, ಬ್ರೆಡ್ಡಿಗೆ ಬೆಣ್ಣೆ ಹಚ್ಚಿದವಳು ನಾನು. ಮಾಂಸದ ಪೈ, ಕೆಂಪು ಶರಬತ್ತು, ಜಿಡ್ಡಿನ ಚಿಪ್ಸು, ಎಲ್ಲವನ್ನೂ ಅವಳು ಒಂದು ಸೋಮವಾರ ಬೆಳಿಗ್ಗೆ ಒಟ್ಟಿಗೇ ನಿಲ್ಲಿಸಿಬಿಟ್ಟಳು. ಮಕ್ಕಳು ಅತ್ತರು, ಅಪ್ಪಂದಿರು ಬಂದು ಕೂಗಾಡಿದರು. "ಒಂದು ವಾರ ಅಳ್ತಾರೆ. ಹೊಟ್ಟೆ ಹಸಿದ್ರೆ ಕೊಟ್ಟಿದ್ದನ್ನ ತಿಂತಾರೆ," ಅಂದಳು. ಹಾಗೆಯೇ ಆಯಿತು, ಪೈ ಬದಲು ಕ್ಯಾರೆಟ್ ಕಡಿಯತೊಡಗಿದರು. ಊರಿನವರು ಅವಳನ್ನು ಕ್ಯಾರೆಟ್ ಗ್ಲೆನಿಸ್ ಎಂದು ಕರೆಯತೊಡಗಿದರು. ಮೇಲೆ ಸಿಟ್ಟು ತೋರಿಸುತ್ತಿದ್ದಳು, ಒಳಗೊಳಗೇ ಆ ಹೆಸರು ಅವಳಿಗೆ ಇಷ್ಟವಿತ್ತು.

ಮದುವೆಯಾಗದೆ ಇದ್ದವಳು ಅರವತ್ತು ದಾಟಿದ ಮೇಲೆ ಡೆಸ್ ಪ್ಯಾಸ್ಕೋನನ್ನು ಮದುವೆಯಾದಳು. ಡೆಸ್ ಬಂದರಿನಲ್ಲಿ ಧಾನ್ಯ ತುಂಬಿಡುವ ಗೋಪುರಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಮೆದು ಮನುಷ್ಯ. ಹೆಂಡತಿ ಲೊರೇನ್ ತೀರಿಹೋದ ಮೇಲೆ ದಿನವೂ ಕಡಲ ಕಟ್ಟೆಯ ಮೇಲೆ ಏಡಿ ಬಲೆ ಇಳಿಬಿಟ್ಟು ಕೂತಿರುತ್ತಿದ್ದ. ಅಲ್ಲಿಯೇ ಇಬ್ಬರ ಪರಿಚಯ. ಮದುವೆಗೆ ಸಾಕ್ಷಿ ಸಹಿ ಹಾಕಿದವಳೂ ನಾನೇ. ಗ್ಲೆನಿಸ್ ಎರಡು ಪೆಟ್ಟಿಗೆ ಬಟ್ಟೆ ಮತ್ತು ಪಿಪಿ ಎಂಬ ಬೂದು ಮೊಲದ ಜೊತೆ ನಮ್ಮ ಹಿತ್ತಲ ಬೇಲಿಯಾಚೆಗಿನ ಅವನ ಮನೆಗೆ ಬಂದಳು.

ಆ ಮನೆಯಲ್ಲಿ ಆಗಲೇ ಒಂದು ಮೊಲವಿತ್ತು. ಅದು ಲೊರೇನ್ ಸಾಕಿದ್ದು, ಕಂದು ಬಣ್ಣದ, ಜೋಲು ಕಿವಿಯ ಮುದಿ ಡ್ಯೂಕ್. ಲೊರೇನ್ ಅದಕ್ಕೆಂದೇ ಓಟ್ಸ್, ಜೋಳ, ಸೂರ್ಯಕಾಂತಿ ಬೀಜ, ಒಣಗಿದ ಏಪ್ರಿಕಾಟ್ ಚೂರು ಕಲಸಿ ನೀಲಿ ಡಬ್ಬಿಯಲ್ಲಿಡುತ್ತಿದ್ದಳು. ಬೆಳಿಗ್ಗೆ ಜಾಮು ಹಚ್ಚಿದ ಟೋಸ್ಟಿನ ಅಂಚು ಬೇರೆ. ಅವಳು ಹೋದ ಮೇಲೂ ಡೆಸ್ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಡ್ಯೂಕ್‌ನ ಹೊಟ್ಟೆ ನೆಲ ಸವರುತ್ತಿತ್ತು. ಪಿಪಿಗಾದರೆ ದಿನವಿಡೀ ಒಣಹುಲ್ಲು, ಒಂದು ಹಿಡಿ ಸೊಪ್ಪು, ಸಂಜೆ ಅಂಗಡಿಯ ಮೊಲದ ತಿಂಡಿಯ ನಾಲ್ಕು ಗುಳಿಗೆ, ಅಷ್ಟೇ.

ಎರಡೂ ಮೊಲಗಳು ತಂತಿ ಜಾಲರಿಯ ಆಚೆ ಈಚೆ ಮೈಗೆ ಮೈ ತಾಗಿಸಿ ಮಲಗತೊಡಗಿದವು. ಒಂದೇ ಗೂಡಿನಲ್ಲಿ ಬಿಡಬೇಕೆಂದರೆ ಎರಡಕ್ಕೂ ಒಂದೇ ಊಟವಾಗಬೇಕು. ಆದರೆ ಡ್ಯೂಕ್ ಹುಲ್ಲಿನ ಮೇಲೆ ಕಾಲು ಚಾಚಿ ಮಲಗಿತೇ ಹೊರತು ಬಾಯಿ ಹಾಕಲಿಲ್ಲ.

"ಹಾಸಿಗೆ ಅಂದ್ಕೊಂಡಿದೆ ಕಣೆ," ಎಂದು ಡೆಸ್ ನಕ್ಕ. "ನಿಧಾನಕ್ಕೆ ಮಾಡೋಣ. ದಿನಾ ಕಾಳು ಸ್ವಲ್ಪ ಕಮ್ಮಿ, ಹುಲ್ಲು ಸ್ವಲ್ಪ ಜಾಸ್ತಿ. ವಯಸ್ಸಾಗಿದೆ ಅದಕ್ಕೆ."

"ಇಡೀ ಶಾಲೆ ಬಾಯಿ ಕಟ್ಟಿದೋಳು ನಾನು. ಒಂದು ಮೊಲ ಯಾವ ಲೆಕ್ಕ?" ಅಂದಳು ಗ್ಲೆನಿಸ್.

ಕಸದ ಲಾರಿ ಬರುವ ದಿನ, ಡೆಸ್ ಏಡಿ ಹಿಡಿಯಲು ಹೋಗಿದ್ದಾಗ, ಅವಳು ನೀಲಿ ಡಬ್ಬಿಯನ್ನು ಕಸದ ತೊಟ್ಟಿಗೆ ಬೋರಲು ಹಾಕಿದಳು. ಡಬ್ಬಿಯನ್ನೂ ಒಳಗೇ ಎಸೆದಳು. ಡೆಸ್ ಬರುವ ಹೊತ್ತಿಗೆ ಲಾರಿ ಬಂದು ಹೋಗಿತ್ತು. ಅವನು ಖಾಲಿ ಕಪಾಟನ್ನು ನೋಡಿ, ಅದರ ಬಾಗಿಲು ಮುಚ್ಚಿ, ಏಡಿ ತೊಳೆಯಲು ಹೋದ.

ಅಂದು ಡ್ಯೂಕ್ ಏನೂ ತಿನ್ನಲಿಲ್ಲ. "ಹಠ," ಅಂದಳು ಗ್ಲೆನಿಸ್. ಮರುದಿನ ಅದು ಮೂಲೆಯಲ್ಲಿ ಮುದ್ದೆಯಾಗಿ ಕೂತು ಹಲ್ಲು ಕಡಿಯುತ್ತಿತ್ತು. ಗೂಡಿನಲ್ಲಿ ಒಂದು ಹಿಕ್ಕೆಯೂ ಇರಲಿಲ್ಲ. ಡೆಸ್ ಅದನ್ನು ಟವೆಲಿನಲ್ಲಿ ಸುತ್ತಿ ಕಾರಿಗೆ ಒಯ್ದ. ಗ್ಲೆನಿಸ್ ಹಿಂದೆಯೇ ಓಡಿ ಹತ್ತಿದಳು.

ಪಕ್ಕದೂರು ಕಡೀನಾದ ಪಶುವೈದ್ಯೆ ಥುಯ್ ಲಾಮ್ ಹೊಟ್ಟೆ ಒತ್ತಿ ನೋಡಿ, "ಕರುಳು ನಿಂತುಬಿಟ್ಟಿದೆ. ಊಟದಲ್ಲಿ ಏನಾದ್ರೂ ಬದಲಾಯಿಸಿದ್ರಾ?" ಎಂದು ಕೇಳಿದಳು.

"ಇಲ್ಲ. ಯಾವಾಗ್ಲೂ ತಿನ್ನೋದೇ," ಅಂದಳು ಗ್ಲೆನಿಸ್.

ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಜಾರಿದ್ದು. ಡೆಸ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನೆಲ ನೋಡಿದ.

"ಹಾಗಾದ್ರೆ ಹಲ್ಲಿನ ತೊಂದರೆ ಇರಬಹುದು. ಮಂಪರು ಕೊಟ್ಟು ಬಾಯೊಳಗೆ ನೋಡ್ಬೇಕಾಗತ್ತೆ. ಈ ವಯಸ್ಸಿಗೆ ಅದು ಸ್ವಲ್ಪ ಅಪಾಯಾನೇ. ಬಿಟ್ಟು ಹೋಗಿ, ಫೋನ್ ಮಾಡ್ತೀನಿ," ಅಂದಳು ಡಾಕ್ಟರು.

ವಾಪಸು ಬರುವಾಗ ಕೊಯ್ಲಾದ ಬಾರ್ಲಿ ಹೊಲಗಳು ಕಿಟಕಿಯಾಚೆ ಹಿಂದೆ ಸರಿದವು. ಕೊನೆಗೆ ಗ್ಲೆನಿಸಳೇ, "ನೀನ್ಯಾಕೆ ಬಾಯಿ ಬಿಡ್ಲಿಲ್ಲ?" ಅಂದಳು.

"ನೀನು ಹೇಳಿಯಾಗಿತ್ತಲ್ಲ. ಡಾಕ್ಟ್ರ ಮುಂದೆ ನಿನ್ನನ್ನ ಸುಳ್ಳಿ ಮಾಡ್ಲಾ?"

ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು. ಅವನು ಬೈದಿರಲಿಲ್ಲ. "ಗಾಡಿ ತಿರುಗಿಸು," ಅಂದಳು.

ಆಸ್ಪತ್ರೆಯ ಮುಂಗೋಣೆ ಆಗ ತುಂಬಿತ್ತು. ನಾಯಿ ಹಿಡಿದು ಕೂತಿದ್ದ ಗಡ್ಡದವನೊಬ್ಬ, "ಓಹೋ, ಕ್ಯಾರೆಟ್ ಗ್ಲೆನಿಸ್! ನನ್ನ ಪೈ ಕಿತ್ಕೊಂಡೋರು!" ಎಂದು ನಗುತ್ತ ಕೈ ಬೀಸಿದ. ಡಾಕ್ಟರು ಒಳಬಾಗಿಲಲ್ಲೇ ಸಿಕ್ಕಳು. ಒಳಗೆ ಹೋಗಿ ಹೇಳಬಹುದಿತ್ತು. ಅಷ್ಟು ಹೊತ್ತು ತಡೆದರೆ ಹೇಳುವ ಧೈರ್ಯವೇ ಹೋದೀತೆಂದು ಗ್ಲೆನಿಸ್‌ಗೆ ಭಯವಾಯಿತು.

"ನಾನು ಸುಳ್ಳು ಹೇಳ್ದೆ. ಅದರ ಊಟ ಪೂರ್ತಿ ಬದಲಾಯಿಸ್ದೆ, ಒಂದೇ ಸಲಕ್ಕೆ. ಹಳೇದನ್ನ ಕಸಕ್ಕೆ ಹಾಕ್ದೆ. ಡೆಸ್ ಬೇಡ ಅಂದಿದ್ದ."

ಗಡ್ಡದವನ ನಗು ನಿಂತಿತು. ಎಲ್ಲರೂ ತಮ್ಮ ತಮ್ಮ ನಾಯಿ ಬೆಕ್ಕುಗಳನ್ನು ನೋಡತೊಡಗಿದರು. ಅವಳ ಕುತ್ತಿಗೆ, ಕಿವಿ ಎಲ್ಲ ಕೆಂಪಾದವು.

"ಈಗಲಾದ್ರೂ ಹೇಳಿದ್ರಲ್ಲ. ಇನ್ನೂ ಮಂಪರು ಕೊಟ್ಟಿಲ್ಲ," ಅಂದಳು ಡಾಕ್ಟರು. ಡ್ಯೂಕ್‌ಗೆ ನೋವಿನ ಔಷಧಿ, ಚರ್ಮದಡಿಗೆ ಸೂಜಿಯಿಂದ ನೀರು, ಸಿರಿಂಜಿನಲ್ಲಿ ಹುಲ್ಲಿನ ಗಂಜಿ ಕೊಟ್ಟರು. ಮರುದಿನ ಹೊತ್ತಿಗೆ ಹಿಕ್ಕೆ ಬಿತ್ತು. ಕಳಿಸಿಕೊಡುವಾಗ ಡಾಕ್ಟರು, "ಹಳೇ ಕಾಳನ್ನೇ ಸ್ವಲ್ಪ ಕೊಡಿ, ಪಕ್ಕದಲ್ಲಿ ಹುಲ್ಲು ಇರ್ಲಿ. ಕಾಳನ್ನ ವಾರವಾರ ಇಳಿಸ್ತಾ ಬನ್ನಿ, ಆತುರ ಬೇಡ," ಅಂದಳು.

ಆದರೆ ಹಳೇ ಕಾಳು ಎಲ್ಲಿದೆ? ಡಬ್ಬಿ ತುಂಬಿಸಿಟ್ಟು ಹೋದವಳು ಲೊರೇನ್. ಅದು ಮುಗಿದ ಮೇಲೆ ಪ್ರತಿ ಸಲ ಕಲಸಿ ಕೊಡುತ್ತಿದ್ದವಳು, ಅದರ ಅಳತೆ ಗೊತ್ತಿದ್ದವಳು, ಅವಳ ತಂಗಿ ಮರ್ಲ್ ಒಬ್ಬಳೇ. ಈ ಮದುವೆಗೆ ಬಾರದವಳು.

"ನಾನು ಕೇಳ್ತೀನಿ ಬಿಡು," ಅಂದ ಡೆಸ್.

"ಬೇಡ. ಚೆಲ್ಲಿದೋಳು ನಾನು."

ಮರ್ಲ್ ಬಾಗಿಲು ಅರ್ಧ ತೆರೆದು ನಿಂತಳು. "ಏನು ಬಂದಿದ್ದು? ನೀನು ಅಕ್ಕನ ಪರದೆ ಕಿತ್ತೆ, ತಟ್ಟೆ ಬಟ್ಟಲು ದಾನ ಮಾಡ್ದೆ. ಇನ್ನೇನು ಉಳಿದಿದೆ ಅಲ್ಲಿ?"

"ಡ್ಯೂಕ್," ಅಂದಳು ಗ್ಲೆನಿಸ್. ನಡೆದದ್ದನ್ನು ನಿಂತಲ್ಲೇ ಹೇಳಿದಳು. ತನಗೆ ಅನುಕೂಲವಾಗುವಂತೆ ಏನನ್ನೂ ಬಿಡಲಿಲ್ಲ.

ಮರ್ಲ್ ಒಳಗೆ ಹೋದಳು, ಡಬ್ಬಿಗಳ ಸದ್ದು ಕೇಳಿಸಿತು. ಬಂದಾಗ ಕೈಯಲ್ಲಿ ಕಾಗದದ ಚೀಲವಿತ್ತು. "ಮತ್ತೆ ಕಲಸೋವಾಗ ಜೋಳ ಜಾಸ್ತಿ ಹಾಕ್ಬೇಡ, ಅದಕ್ಕೆ ಹೊಟ್ಟೆ ಉಬ್ಬರ ಬರತ್ತೆ. ಮೊಲಕ್ಕೋಸ್ಕರ ಕೊಡ್ತಿದೀನಿ, ನಿನಗೋಸ್ಕರ ಅಲ್ಲ," ಎಂದು ಬಾಗಿಲು ಹಾಕಿಕೊಂಡಳು.

ಆಮೇಲಿನ ವಾರಗಳಲ್ಲಿ ಗ್ಲೆನಿಸ್ ತಾನೇ ಕಾಳು ಅಳೆದು ಹಾಕಿದಳು. ಹುಲ್ಲಿನ ನಡುವೆ ಕೊತ್ತಂಬರಿ ಸಿಕ್ಕಿಸಿ, ಡ್ಯೂಕ್ ಹುಡುಕಿ ಹುಡುಕಿ ತಿನ್ನುವಂತೆ ಮಾಡಿದಳು. ಹಿಕ್ಕೆ ಸಣ್ಣದಾದರೆ ಕಾಳು ಇಳಿಸುವುದನ್ನು ನಿಲ್ಲಿಸಿ, ಮತ್ತೆ ನಿಧಾನಕ್ಕೆ ಶುರುಮಾಡಿದಳು. ಒಂದು ದಿನ ಬಟ್ಟೆ ಒಣಹಾಕುತ್ತಿದ್ದ ನನ್ನನ್ನು ಬೇಲಿಯ ಹತ್ತಿರ ಕರೆದಳು.

"ಅದರ ಆರೋಗ್ಯಕ್ಕೆ ಅಂತ ನಾನು ಚೆಲ್ಲಿದ್ದಲ್ಲ ಕಣೆ. ಬೆಳಿಗ್ಗೆ ಬೆಳಿಗ್ಗೆ ಅವನು ಆ ಡಬ್ಬಿ ತೆಗೆದ್ರೆ ಲೊರೇನೇ ಅಡುಗೆಮನೆಗೆ ಬಂದ ಹಾಗಾಗ್ತಿತ್ತು. ಸತ್ತೋಳ ಮೇಲೆ ಹೊಟ್ಟೆಕಿಚ್ಚು, ಅದನ್ನ ಪಾಪದ ಪ್ರಾಣಿ ಮೇಲೆ ತೀರಿಸ್ಕೊಂಡೆ. ಇದನ್ನ ಡೆಸ್‌ಗೆ ಹೆಂಗೆ ಹೇಳ್ಲಿ?"

"ಅವನಿಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ?" ಅಂದೆ.

ಅವಳು ಮುಖ ಮುಚ್ಚಿಕೊಂಡಳು. ಅವನಿಗೆ ಗೊತ್ತಿದ್ದೂ ತನ್ನ ಪಕ್ಕದಲ್ಲಿ ಸುಮ್ಮನೆ ನಿಂತಿದ್ದನೆಂಬುದೇ ಅವಳನ್ನು ಹೆಚ್ಚು ಹಿಂಡಿತು.

ಚಳಿಗಾಲದ ಹೊತ್ತಿಗೆ ಎರಡೂ ಮೊಲಗಳು ಒಂದೇ ಗೂಡಿನಲ್ಲಿ, ಒಂದೇ ಹುಲ್ಲಿನ ರಾಶಿಗೆ ತಲೆ ಹಾಕಿ ಮೆಲ್ಲುತ್ತಿದ್ದವು. ಡ್ಯೂಕ್‌ನ ಹೊಟ್ಟೆ ನೆಲದಿಂದ ಮೇಲೆದ್ದಿತ್ತು. ಊರ ಹಿರಿಯರು ಸೇರುವ ಬೌಲಿಂಗ್ ಕ್ಲಬ್ಬಿನ ಭಾನುವಾರದ ಊಟದಲ್ಲಿ ಡೆಸ್ ಎಲ್ಲರ ಮುಂದೆ, "ನಮ್ಮ ಗ್ಲೆನಿಸ್ ಎಷ್ಟು ತಾಳ್ಮೆಯಿಂದ ರೂಢಿ ಮಾಡಿಸಿದ್ಲು ಗೊತ್ತಾ!" ಎಂದು ಹೊಗಳಿದ. ಅವಳು ಫೋರ್ಕ್ ಕೆಳಗಿಟ್ಟು, "ಮೊದಲು ಸಾಯೋ ಹಾಗೆ ಮಾಡಿದ್ದೂ ನಾನೇ," ಅಂದಳು. ತಮಾಷೆಯೆಂದುಕೊಂಡು ಮೇಜಿನವರೆಲ್ಲ ನಕ್ಕರು. ಪಕ್ಕದ ಮೇಜಿನಲ್ಲಿದ್ದ ಮರ್ಲ್ ನಗಲಿಲ್ಲ. ಹೊರಡುವಾಗ ಗ್ಲೆನಿಸಳ ಕುರ್ಚಿಯ ಬಳಿ ನಿಂತು, "ಈಗ ಹುಲ್ಲು ತಿನ್ನತ್ತಾ?" ಎಂದು ಕೇಳಿದಳು.

"ತಿನ್ನತ್ತೆ. ಬಂದು ನೋಡು."

"ನೋಡೋಣ," ಎಂದು ಮರ್ಲ್ ಹೊರಟುಹೋದಳು. ಇನ್ನೂ ಬಂದಿಲ್ಲ. ಅವಳು ಬಂದಾಳೆಂದು ಗ್ಲೆನಿಸ್ ಈಗಲೂ ಭಾನುವಾರ ಕ್ಲಬ್ಬಿನ ಊಟದಿಂದ ನೇರ ಮನೆಗೆ ಬಂದು, ಸಂಜೆಯವರೆಗೆ ಎಲ್ಲಿಗೂ ಹೋಗುವುದಿಲ್ಲ.