ಲೂಪೆ ಆಂಟಿಯ ಹನ್ನೆರಡನೆಯ ಕುರ್ಚಿ

ಸ್ಯಾನ್ ಡಿಯಾಗೊದ ನಮ್ಮ ಮೀರಾ ಮೆಸಾ ಬಡಾವಣೆಯಲ್ಲಿ ಜ್ಯೂರಿ ಡ್ಯೂಟಿಯ ಕಾಗದ ಬಂದರೆ ಜನ ಮೊದಲು ಹಿಡಿದುಕೊಳ್ಳುವುದು ಬೆನ್ನನ್ನು. ಯಾರದೋ ಮೊಕದ್ದಮೆಯಲ್ಲಿ ತೀರ್ಪು ಹೇಳಲು ಹನ್ನೆರಡು ಜನ ಸಾಮಾನ್ಯರು ಬೇಕು, ಬನ್ನಿ ಎಂದು ಕೋರ್ಟು ಕರೆಯುತ್ತದೆ. ಇದ್ದಕ್ಕಿದ್ದಂತೆ ಇಡೀ ಬೀದಿಗೆ ಡಿಸ್ಕ್ ಜಾರಿರುತ್ತದೆ. ಎರಡು ಮನೆ ಆಚೆಯ ವತ್ಸಲಾ ಆಂಟಿ, ಮೈಸೂರಿನವರು, ರಿಟೈರಾದ ಮಕ್ಕಳ ಡಾಕ್ಟರು, ಮೂವತ್ತು ವರ್ಷಗಳಿಂದ ಒಂದಲ್ಲ ಒಂದು ನೆಪ ಹೇಳಿ ತಪ್ಪಿಸಿಕೊಂಡಿದ್ದಾರೆ. ಇಂಥ ಬೀದಿಯಲ್ಲಿ ಆ ಕಾಗದವನ್ನು ಮದುವೆಯ ಕರೆಯೋಲೆಯ ಹಾಗೆ ಎದೆಗೊತ್ತಿಕೊಂಡು ಬಂದವರು ಲೂಪೆ ಆಂಟಿ ಒಬ್ಬರೇ.

ಲೂಪೆ ಆಂಟಿ ನನ್ನ ಮಗಳು ಇಂಚರಳನ್ನು ನೋಡಿಕೊಳ್ಳುವವರು. ಆಗ ಐವತ್ತೇಳು ವರ್ಷ, ಬಾಗಿಲು ತುಂಬುವ ಮೈ, ಕಿವಿಯ ಹಿಂದೆ ಒಂದು ಹೂವು. ಕೆಲಸಕ್ಕೆ ಬರುವ ಮೊದಲು ಅವರನ್ನು ಕೇಳಲೆಂದು ನಾನು ನಲವತ್ತೊಂದು ಪ್ರಶ್ನೆ ಬರೆದಿಟ್ಟುಕೊಂಡಿದ್ದೆ. ಗಂಟಲಲ್ಲಿ ದ್ರಾಕ್ಷಿ ಸಿಕ್ಕಿಕೊಂಡರೆ? ಭೂಕಂಪ ಆದರೆ? ಭೂಕಂಪದ ಹೊತ್ತಿಗೇ ದ್ರಾಕ್ಷಿ ಸಿಕ್ಕಿಕೊಂಡರೆ? ಅವರ ಇಂಗ್ಲಿಷು ನನ್ನ ಕಿವಿಗೆ ಯಾವಾಗಲೂ ನಮ್ಮ ಮಾತಿನ ಹಾಗೇ ಬೀಳುತ್ತದೆ. ಮೂರನೆಯ ಪ್ರಶ್ನೆಗೆ ಅವರು, "ಮಗು ಅಳ್ತಿದೆ ಕಣಮ್ಮಾ, ಮೊದ್ಲು ಎತ್ಕೋ. ಮಿಕ್ಕಿದ್ದು ಆಮೇಲೆ ಓದು" ಎಂದರು. ಆ 'ಆಮೇಲೆ' ಇವತ್ತಿನವರೆಗೂ ಬಂದಿಲ್ಲ.

ಅವರ ಊರು ಅಮೆರಿಕನ್ ಸಮೋವಾ. ಹವಾಯಿ ತಲುಪಿದ ಮೇಲೆ ಇನ್ನೂ ಐದಾರು ಗಂಟೆ ವಿಮಾನದಲ್ಲಿ ದಕ್ಷಿಣಕ್ಕೆ ಹೋಗಬೇಕು. ಸಮುದ್ರದೊಳಗೆ ಎದ್ದು ನಿಂತ ಬೆಟ್ಟ, ಅದರ ಅಂಚಿನಲ್ಲೊಂದು ರಸ್ತೆ. ಆ ಕಡೆ ಎರಡು ಹೆಜ್ಜೆ ಇಟ್ಟರೆ ನೀರು, ಈ ಕಡೆ ಇಟ್ಟರೆ ಕಾಡು. ಜಮೀನು ಹೆಚ್ಚಿನಂಶ ಕುಟುಂಬಗಳದು. ಒಬ್ಬ ಮನಸ್ಸು ಬಂದಂತೆ ಮಾರುವ ಹಾಗಿಲ್ಲ. ಹಾರುವುದು ನೂರಿಪ್ಪತ್ತು ವರ್ಷಗಳಿಂದ ಅಮೆರಿಕದ ಬಾವುಟ. ಆದರೆ ಅಲ್ಲಿ ಹುಟ್ಟಿದವರು ಹುಟ್ಟಿನಿಂದ ಸಿಟಿಜನ್ ಅಲ್ಲ, ಬರೀ 'ನ್ಯಾಷನಲ್'. ಪಾಸ್‌ಪೋರ್ಟಿನಲ್ಲೇ ಹಾಗಂತ ಅಚ್ಚು ಹಾಕಿರುತ್ತಾರೆ. ವಾಷಿಂಗ್ಟನ್ನಿಗೆ ಒಬ್ಬ ಪ್ರತಿನಿಧಿಯನ್ನೂ ಕಳಿಸುತ್ತಾರೆ. ಅವರು ಮಾತಾಡಬಹುದು, ಸದನದ ಕೊನೆಯ ಓಟಿಗೆ ಕೈ ಎತ್ತುವ ಹಾಗಿಲ್ಲ.

"ಮದ್ವೆಗೆ ಬರಬಹುದು, ಊಟಕ್ಕೆ ಕೂರೋ ಹಾಗಿಲ್ಲ" ಎಂದ ನನ್ನ ಗಂಡ ನಿತಿನ್.

"ಪಾತ್ರೆ ತೊಳೆಯೋಕೆ ಮಾತ್ರ ಕರೀತಾರೆ" ಎಂದರು ಆಂಟಿ. "ನಮ್ಮೂರಲ್ಲಿ ಸೈನ್ಯಕ್ಕೆ ಸೇರದ ಮನೆ ತೋರಿಸು ನೋಡೋಣ."

ಅಂತೂ ಕಾಗದ ಬಂದ ಮೇಲೆ, 'ಸಿಟಿಜನ್ ಹೌದೋ ಅಲ್ಲವೋ' ಎಂಬ ಜಾಗದಲ್ಲಿ ಅವರು ಎರಡಕ್ಕೂ ಗುರುತು ಹಾಕದೆ, ಪಕ್ಕದಲ್ಲಿ ತಮ್ಮ ದೊಡ್ಡ ಅಕ್ಷರದಲ್ಲಿ 'ನ್ಯಾಷನಲ್' ಎಂದು ಬರೆದು, ಚರ್ಚಿಗೆ ಉಡುವ ಬಿಳಿ ಉಡುಪು ತೊಟ್ಟು ಕೋರ್ಟಿಗೆ ಹೊರಟರು. ನಾನು ಆಫೀಸಿಗೆ ರಜೆ ಹಾಕಿದೆ. ಹತ್ತು ಗಂಟೆಗೆಲ್ಲ ಆಂಟಿ ವಾಪಸ್ಸು ಬಂದು ಇಂಚರಳ ಬಟ್ಟೆ ಮಡಚಲು ಕೂತರು. ಕೌಂಟರಿನವಳು ಒಳ್ಳೆಯ ಮಾತಿನಲ್ಲೇ ಹೇಳಿದಳಂತೆ: ಸಿಟಿಜನ್ ಆಗಿದ್ದರೆ ಮಾತ್ರ.

"ಲಕ್ಕಿ ಕಣ್ರೀ ನೀವು!" ಎಂದರು ಸುದ್ದಿ ಕೇಳಿ ಬಂದ ವತ್ಸಲಾ ಆಂಟಿ. "ನಂಗೆ ಹೀಗೊಂದು ಕಾರಣ ಸಿಕ್ಕಿದ್ರೆ ಫ್ರೇಮ್ ಹಾಕಿಸ್ತಿದ್ದೆ."

ಲೂಪೆ ಆಂಟಿ ನಗಲಿಲ್ಲ. ಒಂದೇ ಪುಟ್ಟ ಚಡ್ಡಿಯನ್ನು ನಾಲ್ಕು ಸಲ ಮಡಚಿದರು. ಅವತ್ತು ಅವರ ಅಪ್ಪನ ವಿಷಯ ಮೊದಲ ಬಾರಿ ಕೇಳಿದೆ. ಅವರು ಹಳ್ಳಿಯ ಮಾತುಗಾರ ಮುಖ್ಯಸ್ಥರು. ಊರಿನ ಪರವಾಗಿ ಭಾಷಣ ಮಾಡುವುದೇ ಆ ಪದವಿ. ಗೋಡೆಯಿಲ್ಲದ ದುಂಡು ಮನೆ, ಸುತ್ತಲೂ ಕಂಬಗಳು. ಪಂಚಾಯಿತಿ ಸೇರಿದಾಗ ಒಬ್ಬೊಬ್ಬ ಮುಖ್ಯಸ್ಥನಿಗೂ ಒರಗಿಕೊಳ್ಳಲು ಅವನದೇ ಒಂದು ಕಂಬ. ಓಟು ಗೀಟು ಇಲ್ಲ. ಎಲ್ಲರೂ ಒಂದೇ ಮಾತಿಗೆ ಬರುವವರೆಗೂ ಯಾರೂ ಏಳುವ ಹಾಗಿಲ್ಲ. ಹುಡುಗಿ ಲೂಪೆ ಹೊರಗೆ ದೀವಿಹಲಸಿನ ಮರದ ಬುಡದಲ್ಲಿ ಕೂತು, ಯಾರು ತಪ್ಪು ಯಾರು ಸರಿ ಎಂದು ಒಳಗಿನವರಿಗಿಂತ ಮೊದಲೇ ತೀರ್ಮಾನ ಮಾಡಿಟ್ಟುಕೊಂಡಿರುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಹದಿನೆಂಟಕ್ಕೆ ಟ್ಯೂನಾ ಮೀನಿನ ಕಾರ್ಖಾನೆ ಸೇರಿದಳು. ಊರಿನಲ್ಲಿ ಇರುವುದು ಎರಡೇ ಕೆಲಸ, ಸರ್ಕಾರದ್ದು ಅಥವಾ ಮೀನಿನದು. ದಿನವಿಡೀ ನಿಂತು ಬೆಂದ ಮೀನಿನ ಚರ್ಮ ಮುಳ್ಳು ಬಿಡಿಸುವುದು. ಒಂದು ಕಾಲಕ್ಕೆ ಈ ಡಬ್ಬಿ ಕಾರ್ಖಾನೆಗಳು ಇಲ್ಲೇ ಸ್ಯಾನ್ ಡಿಯಾಗೊದಲ್ಲಿ, ಅತ್ತ ಸ್ಯಾನ್ ಪೀಡ್ರೊ ಬಂದರಿನ ಹತ್ತಿರ ಇದ್ದವು. ಕೂಲಿ ಕಡಿಮೆ ಎಂದು ಅವು ಅಲ್ಲಿಗೆ ಹೋದವು. ಕೂಲಿ ಕಡಿಮೆ ಎಂದು ಆಂಟಿ, ನೇವಿಯಲ್ಲಿ ಅಡುಗೆ ಮಾಡುತ್ತಿದ್ದ ಟವಿಟಾನನ್ನು ಮದುವೆಯಾಗಿ ಇಲ್ಲಿಗೆ ಬಂದರು. ನಡುವೆ ಎಲ್ಲೋ ಎದುರುಬದುರಾಗಿರಬೇಕು. ಟವಿಟಾ ತೀರಿಕೊಂಡಿದ್ದಾನೆ. ಭಾನುವಾರ ಆಂಟಿ ಲಾಸ್ ಏಂಜಲಿಸ್ ಕಡೆ ಕಾರ್ಸನ್‌ನಲ್ಲಿರುವ ತಂಗಿಯ ಚರ್ಚಿಗೆ ಎರಡು ಗಂಟೆ ಡ್ರೈವ್ ಮಾಡಿಕೊಂಡು ಹೋಗುತ್ತಾರೆ.

"ಹನ್ನೆರಡು ಜನ ಸುತ್ತ ಕೂತು, ಒಂದೇ ಮಾತಿಗೆ ಬರೋವರೆಗೂ ಏಳಬಾರದು. ಇದು ನಮ್ಮಪ್ಪನ ಪಂಚಾಯ್ತಿ ಕಣೇ ಸಿಂಧೂರ" ಎಂದರು. "ಒಂದ್ಸಲ ಒಳಗೆ ಕೂತು ನೋಡ್ಬೇಕು."

ಹಾಗಾದರೆ ಸಿಟಿಜನ್ ಆಗಬೇಕು, ಅಪ್ಲೈ ಮಾಡಬೇಕು, ಪರೀಕ್ಷೆ ಪಾಸಾಗಬೇಕು. ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದದ್ದೇ ಬೆಂಗಳೂರಿನ ಕಾನ್ವೆಂಟು ನನ್ನ ಮೈಮೇಲೆ ಬಂತು. ಸರ್ಕಾರವೇ ಪಟ್ಟಿ ಮಾಡಿಕೊಟ್ಟ ನೂರು ಪ್ರಶ್ನೆ, ಮೂರು ಬಣ್ಣದ ಹೈಲೈಟರ್, ಫ್ರಿಜ್ಜಿನ ಮೇಲೆ ಚೀಟಿಗಳು. ನನಗೆ ನೂರಕ್ಕೆ ನೂರು ಉತ್ತರವೂ ಬಾಯಿಪಾಠ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಮ್ಮ ಸರದಿ ಬರುವ ಹೊತ್ತಿಗೆ ಇಂಚರಳಿಗೆ ಮೊಮ್ಮಕ್ಕಳಾಗಿರುತ್ತವೆ, ಆದ್ದರಿಂದ ನನ್ನನ್ನು ಯಾರೂ ಕೇಳುವುದಿಲ್ಲ. ಕೇಳುವುದು ಆಂಟಿಯನ್ನು, ಅವರಿಗೆ ಓದಲು ಮನಸ್ಸಿಲ್ಲ.

"ಸೆನೆಟರ್‌ಗಳು ಎಷ್ಟು ಜನ?"

"ನೂರು. ನಮ್ಮೂರಿಂದ ಸೊನ್ನೆ."

"ಸೊನ್ನೆ ಬೇಡ ಆಂಟಿ, ನೂರಕ್ಕೆ ನಿಲ್ಲಿಸಿ."

ನಾನು ಮುಂದಿನ ಚೀಟಿ ತೆಗೆದೆ. "ಓಟು ಹಾಕೋಕೆ ಎಷ್ಟು ವಯಸ್ಸಾಗಿರ್ಬೇಕು?"

"ಹದಿನೆಂಟು. ನಂಗೆ ಐವತ್ತೇಳಾದ್ರೂ..."

"ಆಂಟೀ!"

ಮಾತುಗಾರನ ಮಗಳು. ಒಂದು ಪದದ ಉತ್ತರ ಎಂದರೆ ಅವರಿಗೆ ಅವಮಾನ.

ವತ್ಸಲಾ ಆಂಟಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಫಿ ಹೀರುತ್ತ, "ಏ ಸಿಂಧೂರ, ನಿಂಗೆ ತಲೆ ಕೆಟ್ಟಿದ್ಯಾ?" ಎಂದು ಕನ್ನಡದಲ್ಲಿ ಪಿಸುಗುಟ್ಟಿದರು. "ಇವ್ರು ಪಾಸಾದ್ರೆ ಮೊದಲ್ನೇ ಕಾಗದಕ್ಕೇ ಕೋರ್ಟಿಗೆ ಓಡ್ತಾರೆ. ಆಮೇಲೆ ಮಗೂನ ಯಾರ ಹತ್ರ ಬಿಡ್ತೀಯ, ಜಡ್ಜ್ ಹತ್ರನಾ?"

ಅದು ನನಗೆ ಹೊಳೆದಿರಲಿಲ್ಲವೆಂದಲ್ಲ. ದಿನಕ್ಕೆ ಹತ್ತು ಸಲ ಹೊಳೆಯುತ್ತಿತ್ತು. ಒಂದು ವಾರ ಅರವತ್ತರಿಂದ ಎಂಬತ್ತರವರೆಗಿನ ಪ್ರಶ್ನೆಗಳನ್ನು ಕೇಳಲು 'ಮರೆತೂ' ಬಿಟ್ಟೆ. ನಿತಿನ್ ಫ್ರಿಜ್ಜಿನ ಮುಂದೆ ನಿಂತು, "ಇಪ್ಪತ್ತು ಚೀಟಿ ಎಲ್ಲಿ ಹೋದ್ವು?" ಎಂದ. ಮರುದಿನ ಚೀಟಿಗಳನ್ನು ಡ್ರಾಯರಿನಿಂದ ತೆಗೆದು ಅಂಟಿಸಿದೆ.

2023ರ ಬೇಸಿಗೆಯಲ್ಲಿ ಇಂಟರ್‌ವ್ಯೂ. ಇಂಚರಳನ್ನು ಹಿಂದೆ ಕೂರಿಸಿಕೊಂಡು ನಾನೇ ಡ್ರೈವ್ ಮಾಡಿದೆ. "ಹತ್ತು ಕೇಳ್ತಾರೆ, ಆರು ಸರಿ ಇದ್ರೆ ಪಾಸ್. ಒಂದೇ ಪದ. ಭಾಷಣ ಬೇಡ." ಅವರು ಬಿಳಿ ಉಡುಪಿನಲ್ಲಿ ಒಳಗೆ ಹೋದರು. ನಾನು ಪಾರ್ಕಿಂಗಿನಲ್ಲಿ ಕೂತು ಮಗುವಿಗೆಂದು ತಂದ ಚೌಚೌವನ್ನೆಲ್ಲ ನಾನೇ ತಿಂದೆ.

ಹೊರಗೆ ಬಂದವರು ಸೀಟ್ ಬೆಲ್ಟ್ ಹಾಕಿಕೊಂಡು ಲೆಕ್ಕ ಒಪ್ಪಿಸಿದರು. ಎಂಟು ಪ್ರಶ್ನೆಯಾದಾಗ ಐದು ಸರಿ, ಮೂರು ತಪ್ಪು. ತಪ್ಪಾದವೆಲ್ಲ ಅರವತ್ತರಿಂದ ಎಂಬತ್ತರೊಳಗಿನವು. ನಾನು ಕನ್ನಡಿ ಸರಿಮಾಡಿಕೊಂಡೆ. ಒಂಬತ್ತನೆಯದು: ಅಮೆರಿಕದ ಒಂದು ಟೆರಿಟರಿಯನ್ನು, ಅಂದರೆ ರಾಜ್ಯವಲ್ಲದ ಅಧೀನ ಪ್ರದೇಶವನ್ನು, ಹೆಸರಿಸಿ.

"ಸದ್ಯ! ನಿಮ್ಮೂರೇ ಉತ್ತರ!"

"ಗ್ವಾಮ್ ದ್ವೀಪ ಅಂದೆ."

"ಯಾಕಾಂಟಿ?"

"ಆಫೀಸರ್ ಫೈಲು ನೋಡ್ದ, ನನ್ನ ನೋಡ್ದ. ಕರೆಕ್ಟ್ ಅಂದ, ನಕ್ಕ." ಕಿಟಕಿಯಾಚೆ ನೋಡಿದರು. "ಗ್ವಾಮ್‌ನವ್ರು ನೇವಿ ಹಡಗಲ್ಲಿ ಇಸ್ಪೀಟಾಡಿ ನಮ್ಮ ಟವಿಟಾನ ತಿಂಗಳುಗಟ್ಲೆ ಸೋಲಿಸಿದಾರೆ. ಅವ್ರು ಅನ್ನಿಸ್ಕೊಳ್ಲಿ ಟೆರಿಟರಿ ಅಂತ. ನಮ್ಮದು ಊರು."

ಪ್ರಮಾಣವಚನ ಆಯಿತು. ಜ್ಯೂರಿ ಕಾಗದ ಮರುವರ್ಷ ಬಂತು. ನಾನು ನಾಚಿಕೆ ಬಿಟ್ಟು ವತ್ಸಲಾ ಆಂಟಿಯ ಮನೆಗೆ ಹೋಗಿ, ಲೂಪೆ ಆಂಟಿಗೆ ಬೆನ್ನುನೋವಿದೆ ಎಂದು ಯಾರಾದರೂ ಬರೆದುಕೊಡುತ್ತಾರಾ ಎಂದು ಕೇಳಿದೆ.

"ಅವ್ರ ಬೆನ್ನು ನೋಡಿದೀಯಾ?" ಎಂದರು ವತ್ಸಲಾ ಆಂಟಿ. "ಕೋರ್ಟನ್ನೇ ಹೊತ್ಕೊಂಡು ಬರ್ತಾರೆ. ಹೋಗು, ಮಗೂನ ತಂದು ಇಲ್ಲಿ ಬಿಡು. ಮಧ್ಯಾಹ್ನದವರೆಗೆ ಮಾತ್ರ."

ಲೂಪೆ ಆಂಟಿಯನ್ನು ಆರಿಸಿಕೊಂಡರು, ಹನ್ನೆರಡನೆಯವರಾಗಿ. ಯಾವುದೋ ಗೋಡೌನಿನ ಕಳ್ಳತನದ ಕೇಸು. ಐದು ದಿನದಲ್ಲಿ ಮುಗಿಯುತ್ತದೆ ಎಂದಿದ್ದರು. ಮಧ್ಯಾಹ್ನದ ಮೀಟಿಂಗುಗಳಲ್ಲಿ ನಾನು ಇಂಚರಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕ್ಯಾಮೆರಾ ಆಫ್ ಮಾಡಿ ಕೂತೆ. ಆರನೆಯ ದಿನವಾಯಿತು, ಏಳು, ಎಂಟು. ಇಂಚರ ದಿನಾ ಬಾಗಿಲ ಬಳಿ ಹೋಗಿ "ವೇರ್ ಈಸ್ ಲೂಪೆ?" ಎನ್ನುತ್ತಿದ್ದಳು. ನನಗೂ ಅದೇ ಪ್ರಶ್ನೆ.

ಒಂಬತ್ತನೆಯ ದಿನ ಬಂದರು. ಹೂವು ಬಾಡಿತ್ತು.

"ಏನಾಯ್ತು ಆಂಟಿ? ಕಳ್ಳನಾ, ಅಲ್ವಾ?"

"ಕದ್ದಿಲ್ಲ, ಬಿಟ್ಟುಬಿಟ್ವಿ. ತೀರ್ಪು ಮಾತಾಡೋಕೆ ಕೂತ ಮೊದಲ್ನೇ ಮಧ್ಯಾಹ್ನವೇ ಮಿಕ್ಕ ಹನ್ನೊಂದು ಜನಾನೂ ಕದ್ದಿದಾನೆ ಅಂದ್ರು. ಒಬ್ಬಂಗೆ ಫ್ಲೈಟಿತ್ತು, ಒಬ್ಳಿಗೆ ಪಾರ್ಲರ್ ಇತ್ತು." ಇಂಚರಳನ್ನು ಎತ್ತಿಕೊಂಡರು. "ನಾನು ಎದ್ದು ನಿಂತು ಮಾತಾಡ್ದೆ. ಆಮೇಲೆ ಕುರ್ಚಿಗೆ ಒರಗಿ ಕೂತೆ. ಎಲ್ರೂ ಒಂದೇ ಮಾತಿಗೆ ಬರೋವರೆಗೂ."

"ಎಷ್ಟು ಹೊತ್ತು ಮಾತಾಡಿದ್ರಿ?"

"ಎರಡು ದಿನ" ಎಂದರು, ನನ್ನ ಮೀಟಿಂಗುಗಳ ಕಡೆ ಒಂಚೂರೂ ಕರುಣೆಯಿಲ್ಲದೆ.